ನಾಡಿದ್ದಿಗೆ ಹಾಕುವ ಕ್ರಿಯಾಪದ: ಬಳಕೆ ತಪ್ಪಿದ ಇಂಗ್ಲಿಷ್ ಪದವೊಂದನ್ನು ಬಿಚ್ಚುವ ಬಗೆ

ಕೆಲಸವನ್ನು ನಾಡಿದ್ದಿಗೆ ಹಾಕುವುದಕ್ಕೇ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದ ಇತ್ತು. ನಾಳೆಗೆ ಅಲ್ಲ, ಮುಂದಿನ ವಾರಕ್ಕೂ ಅಲ್ಲ, ಸರಿಯಾಗಿ ನಾಡಿದ್ದಿಗೆ. ಪದ ಪೆರೆಂಡಿನೇಟ್. ಇವತ್ತು ಇದನ್ನು ಯಾರೂ ಆಡುವುದಿಲ್ಲ. ಬರೆಯುವವರೂ ತಮಾಷೆಗೆ ಬರೆದರೆ ಬರೆದರು.

ನಾನು ಉಡುಪಿಯಲ್ಲಿ ಸಿವಿಲ್ ಕೇಸು ನಡೆಸುವ ವಕೀಲೆ. ಡೇಟ್ ಕೇಳುವುದು, ಡೇಟ್ ಡೈರಿಯಲ್ಲಿ ಬರೆದುಕೊಳ್ಳುವುದು, "ಇವತ್ತೂ ಆಗ್ಲಿಲ್ವಾ ಮೇಡಂ" ಎನ್ನುವ ಕಕ್ಷಿದಾರರಿಗೆ ಸಮಾಧಾನ ಹೇಳುವುದು, ಇದರಲ್ಲೇ ಅರ್ಧ ದಿನ ಹೋಗುತ್ತದೆ. ಅಂಥವಳ ಕಣ್ಣಿಗೆ ಈ ಪದ ಬಿದ್ದರೆ ಬಿಡಲು ಸಾಧ್ಯವಾ?

ಇಂಥ ಪದಗಳ ಪಟ್ಟಿಗಳು ಫೋನಿನಲ್ಲಿ ದಿನಾ ಬರುತ್ತವೆ. ಒಂದು ವಿಚಿತ್ರ ಪದ, ಮುಂದೆ ಒಂದು ಸಾಲಿನ ಅರ್ಥ, ಕೊನೆಗೆ ನಗುವ ಮುಖ. ಆ ಒಂದು ಸಾಲು ಸುಳ್ಳಲ್ಲ. ಆದರೆ ಅದನ್ನು ನಂಬಿ ಕೂತರೆ ಪೆರೆಂಡಿನೇಟ್ ಅಂದರೆ ಸೋಮಾರಿತನದ ಪದ ಅನ್ನಿಸುತ್ತದೆ. ಬಿಚ್ಚಿ ನೋಡಿದರೆ ಕಥೆ ಪೂರ್ತಿ ಬೇರೆ. ಬಿಚ್ಚುವುದು ಹೇಗೆ ಎಂದು ಹೇಳುತ್ತೇನೆ. ಪದ ಬಂದದ್ದು ಲ್ಯಾಟಿನ್‌ನಿಂದ, ಹಾಗಂತ ಲ್ಯಾಟಿನ್ ಓದಿರಬೇಕು ಎಂದೇನಿಲ್ಲ. ಒಂದು ಪೆನ್ಸಿಲ್, ಒಂದು ಕಾಗದ, ಇಂಟರ್ನೆಟ್ಟು ಇದ್ದರೆ ಸಾಕು. ಸ್ವಲ್ಪ ತಾಳ್ಮೆಯೂ ಬೇಕು ಅನ್ನಿ.

ಬಾಲದಿಂದ ಶುರು ಮಾಡಿ

ಮೊದಲು ಸ್ಪೆಲಿಂಗ್: ಪಿ, ಇ, ಆರ್, ಇ, ಎನ್, ಡಿ, ಐ, ಎನ್, ಎ, ಟಿ, ಇ. ಇದನ್ನು ಕಾಗದದಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಅಕ್ಷರಗಳ ನಡುವೆ ಗೆರೆ ಎಳೆದು, ಅಳಿಸಿ, ಮತ್ತೆ ಎಳೆಯುವುದು ಉಂಟು.

ಎಲ್ಲರ ಕೈ ಸೀದಾ ತಲೆಗೇ ಹೋಗುತ್ತದೆ. ಮೊದಲ ಮೂರು ಅಕ್ಷರ ನೋಡಿದ ಕೂಡಲೇ ಪರ್ಮಿಟ್, ಪರ್ಫೆಕ್ಟ್ ನೆನಪಾಗುತ್ತವೆ. ಹೊಟ್ಟೆಯಲ್ಲಿ ಎಂಡ್ ಬೇರೆ ಕಾಣುತ್ತದೆ. ಕೊನೆ ಎಂಬ ಅರ್ಥದ ಎಂಡ್ ಇರಬಹುದಾ? ಇಲ್ಲ. ಅಕ್ಷರಗಳು ಹಾಗೆ ಬಂದು ಕೂತಿವೆ, ಅಷ್ಟೇ. ನನ್ನ ಆಫೀಸಿನ ಜೂನಿಯರ್ ಹುಡುಗಿ "ಪೆರೆನಿಯಲ್‌ಗೆ ಸಂಬಂಧ ಉಂಟಾ ಮೇಡಂ?" ಎಂದು ಕೇಳಿದಳು. ಊಹೆ ಚೆನ್ನಾಗಿದೆ, ಆದರೆ ಪೆರೆನಿಯಲ್ ಒಳಗೆ ಇರುವುದು ಆನ್ನುಸ್, ಅಂದರೆ ವರ್ಷ. ವರ್ಷವಿಡೀ ಇರುವುದು ಪೆರೆನಿಯಲ್. ನಮ್ಮ ಪದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಹಾಗಾಗಿ ತಲೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಬಾಲ ಹಿಡಿಯಿರಿ. ಕೊನೆಯ ಮೂರು ಅಕ್ಷರ ಎ, ಟಿ, ಇ. ಅಲ್ಲೇ ಸುಳಿವು ಉಂಟು.

ಲ್ಯಾಟಿನ್‌ನಲ್ಲಿ ಕ್ರಿಯಾಪದಗಳ ಒಂದು ದೊಡ್ಡ ಗುಂಪು 'ಆರೆ' ಎಂದು ಮುಗಿಯುತ್ತದೆ. ವೊಕಾರೆ ಅಂದರೆ ಕರೆಯುವುದು. ಅದರಿಂದ ಬರುವ ವೊಕಾತುಸ್ ಅಂದರೆ ಕರೆಸಿಕೊಂಡವನು. ಇಂಗ್ಲಿಷಿನವರು ಲ್ಯಾಟಿನ್ ಕ್ರಿಯಾಪದ ಎತ್ತಿಕೊಂಡಾಗ ಸಾಮಾನ್ಯವಾಗಿ 'ಆರೆ' ರೂಪ ತೆಗೆದುಕೊಳ್ಳಲಿಲ್ಲ. 'ಆತುಸ್' ರೂಪ ತೆಗೆದುಕೊಂಡು, ಕೊನೆಯ 'ಉಸ್' ಕತ್ತರಿಸಿ, ಒಂದು ಇ ಅಕ್ಷರ ಅಂಟಿಸಿದರು. ನನ್ನ ಕಸುಬಿನ ಹೆಸರೇ ಇದಕ್ಕೆ ಸಾಕ್ಷಿ. ಹತ್ತಿರಕ್ಕೆ ಎನ್ನುವ 'ಅದ್' ಮುಂದೆ ಸೇರಿ ಅದ್ವೊಕಾತುಸ್ ಆಯಿತು: ನೆರವಿಗೆ ಕರೆಸಿಕೊಂಡವನು. ಅದೇ ಅಡ್ವೊಕೇಟ್.

ಎಟಿಇ ಕಂಡರೆ ಹಿಂದೆ 'ಆತುಸ್' ಇರಬಹುದು, ಅದರ ಹಿಂದೆ 'ಆರೆ' ಇರಬಹುದು. ಇರಬಹುದು ಎಂದೇ ಹೇಳಿದೆ, ಯಾಕೆಂದರೆ ಡಿಬೇಟ್ ಕೂಡ ಹಾಗೇ ಮುಗಿಯುತ್ತದೆ. ಅದು ಫ್ರೆಂಚಿನಿಂದ ಬಂದ ಪದ, ಅಲ್ಲಿ ಇರುವುದು ಬಡಿಯುವ ಅರ್ಥದ ಧಾತು. ಆ ಬಾಲಕ್ಕೂ ಈ ಬಾಲಕ್ಕೂ ಏನೂ ಸಂಬಂಧ ಇಲ್ಲ. ಪೆರೆಂಡಿನೇಟ್ ಮಾತ್ರ ನಿಯಮ ಪಾಲಿಸುತ್ತದೆ. ಪೆರೆಂದಿನಾತುಸ್, ಹಿಂದಕ್ಕೆ ಹೋದರೆ ಪೆರೆಂದಿನಾರೆ.

ನಾನು ಇಂಗ್ಲಿಷ್ ರೂಪಕ್ಕೆ ಡ, ಲ್ಯಾಟಿನ್ ರೂಪಕ್ಕೆ ದ ಬರೆದದ್ದನ್ನು ನೀವು ಗಮನಿಸಿರಬಹುದು. ಲ್ಯಾಟಿನ್‌ನ ಆ ಅಕ್ಷರ ಹಲ್ಲಿಗೆ ತಾಗುವ ದ. ಇದನ್ನು ಬರೆದು ತೋರಿಸಲು ಇಂಗ್ಲಿಷ್ ಲಿಪಿಗಿಂತ ನಮ್ಮ ಲಿಪಿಯೇ ಅನುಕೂಲ.

ಲ್ಯಾಟಿನ್ ಎಂದರೆ ಹೆದರುವವರು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಧ್ಯೇಯವಾಕ್ಯ ನೋಡಬಹುದು: ಲೂಕೆತ್ ಎತ್ ಆರ್ದೆತ್. ಚರ್ಚಿನ ಉಚ್ಚಾರದಲ್ಲಿ ಲೂಚೆತ್. 'ಬೆಳಗುತ್ತಾನೆ ಮತ್ತು ಉರಿಯುತ್ತಾನೆ' ಎಂದು ಅರ್ಥ. ಮೂರೇ ಪದ. ಅದರಲ್ಲಿ 'ಅವನು' ಎಂಬ ಪದವೇ ಇಲ್ಲ. ಕೊನೆಯ 'ತ್' ಆ ಕೆಲಸ ಮಾಡುತ್ತದೆ. ಕನ್ನಡದಲ್ಲೂ 'ಬರುತ್ತಾನೆ' ಎಂದರೆ ಸಾಕಲ್ಲ, 'ಅವನು' ಬೇಕೇ ಬೇಕು ಎಂದಿಲ್ಲ. ಬಾಲದಲ್ಲಿ ವ್ಯಾಕರಣ ಇಡುವ ಭಾಷೆ ಆಡುವ ನಮಗೆ ಲ್ಯಾಟಿನ್ ಅಷ್ಟೇನೂ ಅಪರಿಚಿತ ಅಲ್ಲ.

ನಿಘಂಟಿನಲ್ಲಿ ಹಿಂದಕ್ಕೆ ನಡೆಯುವುದು

ಈಗ ಲ್ಯಾಟಿನ್ ನಿಘಂಟು ತೆಗೆಯಿರಿ. ಲೂಯಿಸ್ ಮತ್ತು ಶಾರ್ಟ್ ಎಂಬಿಬ್ಬರ ನಿಘಂಟು 1879ರದ್ದು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ದುಡ್ಡು ಕೊಟ್ಟು ಏನೂ ತರಿಸಬೇಕಾಗಿಲ್ಲ.

ಹೊಸಬರು ಸಿಕ್ಕಿ ಬೀಳುವುದು ಒಂದು ಕಡೆ. 'ಆರೆ' ರೂಪ ಹಾಕಿ ಹುಡುಕುತ್ತಾರೆ, ಸಿಗದಿದ್ದರೆ ಪದವೇ ಇಲ್ಲ ಎಂದು ಬಿಟ್ಟುಬಿಡುತ್ತಾರೆ. ಕನ್ನಡ ನಿಘಂಟಿನಲ್ಲಿ 'ಮಾಡು' ಹುಡುಕುತ್ತೇವೆ, 'ಮಾಡುವುದು' ಹುಡುಕುವುದಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಹೊರಬಂದ ಕಿಟೆಲ್ ನಿಘಂಟಿನಲ್ಲೂ ಹಾಗೇ. ಲ್ಯಾಟಿನ್ ನಿಘಂಟಿನಲ್ಲಿ ತಲೆಪದ 'ನಾನು ಮಾಡುತ್ತೇನೆ' ರೂಪದಲ್ಲಿ ಇರುತ್ತದೆ. ಅದು 'ಓ' ಎಂದು ಮುಗಿಯುತ್ತದೆ. ವೊಕಾರೆ ಬೇಕಾದರೆ ವೊಕೊ ಎಂದು ಹುಡುಕಬೇಕು.

ಕ್ರಿಯಾಪದ ಸಿಕ್ಕರೂ ಅಲ್ಲಿಗೇ ನಿಲ್ಲಬೇಡಿ. ಅದು ಯಾವುದರಿಂದ ಹುಟ್ಟಿತು ನೋಡಿ. ಪೆರೆಂದಿನಾರೆ ಹುಟ್ಟಿದ್ದು ಪೆರೆಂದಿನುಸ್ ಎಂಬ ಗುಣವಾಚಕದಿಂದ, 'ನಾಡಿದ್ದಿನ' ಎಂದು ಅರ್ಥ. ಅದು ಬಂದದ್ದು ಪೆರೆಂದಿಯೆ ಎಂಬ ಅವ್ಯಯದಿಂದ. ಪೆರೆಂದಿಯೆ ಅಂದರೆ ನಾಡಿದ್ದು. ಈ ಮೂರು ಮೆಟ್ಟಿಲನ್ನು ಕಾಗದದಲ್ಲಿ ಒಂದರ ಕೆಳಗೆ ಒಂದು ಬರೆಯಿರಿ.

ತಲೆ ಕತ್ತರಿಸುವ ಹೊತ್ತು ಈಗ ಬಂತು. 'ದಿಯೆ' ಅಂದರೆ ದಿನದಂದು. 'ಪೆರೆನ್' ಅಂದರೆ ಆಚೆಯ. ನಾಳೆಯ ಆಚೆ ಬದಿಯ ದಿನ. ಲೂಯಿಸ್ ಮತ್ತು ಶಾರ್ಟ್ ಈ ಪೆರೆನ್‌ನ ಪಕ್ಕದಲ್ಲೇ ಸಂಸ್ಕೃತದ 'ಪರಂ' ಇಟ್ಟು ತೋರಿಸುತ್ತಾರೆ. ಸಂಸ್ಕೃತದಲ್ಲಿ ನಾಡಿದ್ದಿಗೆ ಪರಶ್ವಃ, ಅಂದರೆ ನಾಳೆಯ ಆಚೆ. ಹಿಂದಿಯ ಪರಸೋಂ ಅದರಿಂದ ಬಂತು. ನಮ್ಮ ಕೊಂಕಣಿಯವರು ಹೇಳುವ ಪೊರ್ವಾಂ ಕೂಡ ಅದೇ ಮನೆಯದು. ಕಾರ್ಕಳದ ಕೊಂಕಣಿ ಕಕ್ಷಿದಾರರೊಬ್ಬರು "ಪೊರ್ವಾಂ ಬರ್ತೇನೆ" ಎಂದರೆ ರೋಮಿನವನ ಪೆರೆಂದಿಯೆಗೆ ದೂರದ ನೆಂಟರ ಪದ ಆಡಿದ ಹಾಗೆ. ತುಳುವಿನ ಎಲ್ಲಂಜಿಗೂ ಕನ್ನಡದ ನಾಡಿದ್ದಿಗೂ ಈ ಸಾಲಿನಲ್ಲಿ ಜಾಗ ಇಲ್ಲ. ಅವು ದ್ರಾವಿಡ ಕಡೆಯವು.

ನಾಳೆಯ ಪದವನ್ನೂ ಇದೇ ರೀತಿ ಬಿಚ್ಚಿ ನೋಡಿ, ಅಭ್ಯಾಸ ಆಗುತ್ತದೆ. ಕ್ರಾಸ್ ಅಂದರೆ ನಾಳೆ. ಕ್ರಾಸ್ತಿನುಸ್ ಅಂದರೆ ನಾಳೆಯ. ಮುಂದಕ್ಕೆ ಎನ್ನುವ 'ಪ್ರೋ' ಸೇರಿಸಿದರೆ ಪ್ರೋಕ್ರಾಸ್ತಿನಾರೆ. ಅದು ಪ್ರೊಕ್ರಾಸ್ಟಿನೇಟ್ ಆಗಿ ಇವತ್ತಿಗೂ ಬದುಕಿದೆ. ಕಾಲೇಜು ಮಕ್ಕಳ ಬಾಯಲ್ಲಂತೂ ದಿನಾ ಇರುವ ಪದ.

ಪದ ಎಲ್ಲಿ ದುಡಿಯಿತು ಎಂದು ಹುಡುಕಿ

ಹೆಚ್ಚಿನವರು ನಿಲ್ಲಿಸುವುದು ಇಲ್ಲೇ. ತುಂಡು ಮಾಡಿ ಆಯಿತು, ಅರ್ಥ ಸಿಕ್ಕಿತು, ಮುಗಿಯಿತು. ನನ್ನ ಪ್ರಕಾರ ನಿಜವಾದ ಕೆಲಸ ಇಲ್ಲಿಂದ ಶುರು. ತುಂಡುಗಳು ಪದ ಹೇಗೆ ಹುಟ್ಟಿತು ಎಂದು ಹೇಳುತ್ತವೆ. ಬಳಸಿದವರು ಯಾರು, ಯಾವ ಕೆಲಸಕ್ಕೆ ಬಳಸಿದರು ಎಂದು ನೋಡದೆ ಅರ್ಥ ಗೊತ್ತಾಯಿತು ಎನ್ನಬಾರದು.

ಇಂಗ್ಲಿಷ್ ಬದಿಗೆ ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಉಂಟು. ಮೊದಲ ಕಂತು 1884ರಲ್ಲಿ ಬಂತು, ಮುಗಿದದ್ದು 1928ರಲ್ಲಿ. ನಮ್ಮ ಕೆಲವು ಆಸ್ತಿ ಪಾಲಿನ ದಾವೆಗಳಿಗೆ ಇದು ಸಮಾಧಾನ ಹೇಳಬಲ್ಲ ಲೆಕ್ಕ. ಬಳಕೆ ಪೂರ್ತಿ ನಿಂತ ಪದಗಳ ಮುಂದೆ ಅದರಲ್ಲಿ ಕಠಾರಿಯಂಥ ಒಂದು ಗುರುತು ಇರುತ್ತದೆ. ಪದದ ಕೆಳಗೆ ಯಾವ ಇಸವಿಯಲ್ಲಿ ಯಾರು ಬರೆದರು ಎಂಬ ಉದಾಹರಣೆಗಳು ಸಾಲಾಗಿ ಇರುತ್ತವೆ. ಅರ್ಥ ಆಮೇಲೆ ಓದಿ. ಮೊದಲು ಈ ಇಸವಿಗಳನ್ನು ನೋಡಿ. ಎಷ್ಟು ಉದಾಹರಣೆ ಇವೆ? ನಡುವೆ ನೂರಾರು ವರ್ಷ ಖಾಲಿ ಇದೆಯಾ? ಬರೆದವರೆಲ್ಲ ನಿಘಂಟು ಮಾಡಿದವರೇ ಆಗಿದ್ದಾರಾ?

ಆ ಕೊನೆಯ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. 16 ಮತ್ತು 17ನೇ ಶತಮಾನದಲ್ಲಿ ಇಂಗ್ಲಿಷ್ ಪಂಡಿತರಿಗೆ ಲ್ಯಾಟಿನ್ ಪದ ತಂದು ಸುರಿಯುವ ಚಟ ಇತ್ತು. ಮಸಿಕುಡಿಕೆಯ ಪದಗಳು ಎಂದು ಆಗಿನವರೇ ಗೇಲಿ ಮಾಡುತ್ತಿದ್ದರು. ಅರ್ಥವಾಗದ ಪದ ಜಾಸ್ತಿಯಾದ ಮೇಲೆ ಅವುಗಳಿಗೇ ನಿಘಂಟು ಬಂತು. 1604ರಲ್ಲಿ ರಾಬರ್ಟ್ ಕಾಡ್ರಿ, 1623ರಲ್ಲಿ ಹೆನ್ರಿ ಕಾಕರಂ, 1656ರಲ್ಲಿ ಥಾಮಸ್ ಬ್ಲೌಂಟ್. ಇವು ಬರೀ ಕಷ್ಟಪದಗಳ ನಿಘಂಟುಗಳು. ಕಾಡ್ರಿ ತನ್ನ ಪುಸ್ತಕ ಹೆಂಗಸರಿಗೆ ಮತ್ತು ಉಳಿದ ತಿಳಿಯದವರಿಗೆ ನೆರವಾಗಲಿ ಎಂದು ಮುಖಪುಟದಲ್ಲೇ ಹಾಕಿಕೊಂಡ. ಹೆಂಗಸರು, ತಿಳಿಯದವರು, ಒಂದೇ ಸಾಲಿನಲ್ಲಿ! ಇರಲಿ. ಇಂಥ ಪುಸ್ತಕಗಳಲ್ಲಿ ಎಷ್ಟೋ ಪದಗಳು ನಿಘಂಟಿನಿಂದ ನಿಘಂಟಿಗೆ ದಾಟುತ್ತಾ ಹೋದವು, ರಸ್ತೆಗೆ ಇಳಿಯಲೇ ಇಲ್ಲ. ಅಂಥ ಪದ ಸಿಕ್ಕರೆ ಅದರ ಜೀವನ ಇಂಗ್ಲಿಷಿನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಲ್ಯಾಟಿನ್‌ಗೇ ಹೋಗಬೇಕು.

ಲ್ಯಾಟಿನ್‌ಗೆ ಹೋದರೆ ನಮ್ಮ ಪದ ಸಿಗುವುದು ಎಲ್ಲಿ ಗೊತ್ತಾ? ಕೋರ್ಟಿನಲ್ಲಿ.

ಅಲ್ಲಿ ಅದಕ್ಕೆ ಮುಂದೆ 'ಕೊಂ' ಸೇರಿದೆ: ಕೊಂಪೆರೆಂದಿನಾರೆ. ಕೇಸನ್ನು ನಾಡಿದ್ದಿಗೆ ಇಡುವುದು. ಇದು ಯಾರದೋ ಆಲಸ್ಯ ಅಲ್ಲ, ಕಾನೂನಿನ ಹೆಜ್ಜೆ. ರೋಮಿನಲ್ಲಿ ಪ್ರಾಂತ್ಯಗಳಿಗೆ ಹೋದ ಅಧಿಕಾರಿಗಳು ಜನರನ್ನು ಸುಲಿದರೆ ವಿಚಾರಿಸಲು ಒಂದು ವಿಶೇಷ ನ್ಯಾಯಾಲಯ ಇತ್ತು. ಹಿಂದೆ ಅಲ್ಲಿನ ಪಂಚರು "ನಮಗಿನ್ನೂ ಸ್ಪಷ್ಟವಾಗಿಲ್ಲ" ಎಂದರೆ ಕೇಸು ಮತ್ತೆ ಮೊದಲಿನಿಂದ ನಡೆಯುತ್ತಿತ್ತು. ಅದಕ್ಕೆ ಆಂಪ್ಲಿಯಾತಿಯೊ ಎಂದು ಹೆಸರು, 'ಇನ್ನಷ್ಟು' ಎಂಬ ಪದದಿಂದ ಬಂದದ್ದು. ಕ್ರಿ.ಪೂ. 100ರ ಆಸುಪಾಸಿನಲ್ಲಿ ಗ್ಲೌಕಿಯ ಎಂಬವನು ಕಾನೂನು ತಂದು ಇದನ್ನು ಬದಲಾಯಿಸಿದ. ಕೇಸು ಎರಡು ಸುತ್ತು ನಡೆಯಬೇಕು. ಮೊದಲ ಸುತ್ತು ಮುಗಿದ ಮೇಲೆ ನಡುವೆ ಒಂದು ದಿನ ಬಿಟ್ಟು ಎರಡನೇ ಸುತ್ತು. ಆಮೇಲೆ ತೀರ್ಪು. ನಡುವೆ ಬಿಡುವ ಆ ಏರ್ಪಾಡೇ ಕೊಂಪೆರೆಂದಿನಾತಿಯೊ.

ಅಂದರೆ ನಾಡಿದ್ದಿಗೆ ಹಾಕುವುದು ಎಳೆಯುವುದಕ್ಕೆ ಅಲ್ಲ, ಎಳೆತಕ್ಕೆ ಗಡಿ ಹಾಕುವುದಕ್ಕೆ. ಇನ್ನಷ್ಟು, ಇನ್ನಷ್ಟು ಎಂದು ಹೋಗುತ್ತಿದ್ದದ್ದಕ್ಕೆ ಒಂದು ಗೊತ್ತಾದ ದಿನ ಬಂತು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದಲ್ಲೂ ಒಂದು ಗಡಿ ಉಂಟು. ವಿಚಾರಣೆಯ ಹಂತದಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಜಾಸ್ತಿ ಸಲ ಮುಂದೂಡಿಕೆ ಕೊಡಬಾರದು ಎಂದು ಅದು ಹೇಳುತ್ತದೆ. ಪಾಲನೆ ಎಷ್ಟು ಎಂದು ನನ್ನನ್ನು ಕೇಳಬೇಡಿ, ನಾಳೆ ನಾನು ಅದೇ ಕೋರ್ಟಿಗೆ ಹೋಗಬೇಕು.

ಈ ಪದ ಜೀವಂತ ದುಡಿದ ಒಂದು ಕೇಸು ನೋಡಿ. ಕ್ರಿ.ಪೂ. 70. ಸಿಸಿಲಿಯ ಗವರ್ನರ್ ಆಗಿದ್ದ ವೆರ್ರೆಸ್ ಮೇಲೆ ಸುಲಿಗೆಯ ಆರೋಪ. ಆರೋಪದ ಪರ ರೋಮಿನ ಹೆಸರಾಂತ ಮಾತುಗಾರ ವಕೀಲ ಸಿಸೆರೊ, ವೆರ್ರೆಸ್ ಪರ ಆಗಿನ ಅತಿ ದೊಡ್ಡ ವಕೀಲ ಹೊರ್ತೆನ್ಸಿಯುಸ್. ಹೊರ್ತೆನ್ಸಿಯುಸ್ ಮುಂದಿನ ವರ್ಷಕ್ಕೆ ಕಾನ್ಸಲ್, ಅಂದರೆ ರೋಮಿನ ಅತಿ ಮೇಲಿನ ಅಧಿಕಾರಿ, ಆಗಿ ಆರಿಸಿ ಬಂದಿದ್ದ. ಕೇಸು ವರ್ಷ ದಾಟಿದರೆ ವೆರ್ರೆಸ್ ಬಚಾವ್. ವಿಚಾರಣೆ ಶುರುವಾದದ್ದು ಇವತ್ತಿನ ಲೆಕ್ಕದಲ್ಲಿ ಆಗಸ್ಟ್ 5ಕ್ಕೆ.

ಸಿಸೆರೊ ಎದ್ದು ನಿಂತು ಕ್ಯಾಲೆಂಡರ್ ಓದಿಬಿಟ್ಟ. ಸೇನಾಪತಿ ಪೊಂಪೆಯ ಹರಕೆಯ ಆಟೋಟಗಳಿಗೆ ಇನ್ನು ಹತ್ತು ದಿನ. ಅವು ಹದಿನೈದು ದಿನ ತಿನ್ನುತ್ತವೆ. ಅದರ ಬೆನ್ನಿಗೇ ರೋಮನ್ ಕ್ರೀಡೋತ್ಸವ. ನಾವು ಹೇಳಿದ್ದಕ್ಕೆ ಎದುರಿನವರು ಉತ್ತರ ಕೊಡುವಾಗ ಹತ್ತಿರ ಹತ್ತಿರ ನಲವತ್ತು ದಿನ ಕಳೆದಿರುತ್ತದೆ, ಅಷ್ಟರಲ್ಲಿ ಎಲ್ಲರಿಗೂ ಮರೆತಿರುತ್ತದೆ ಎಂದ. ರಜೆಗಳ ಪಟ್ಟಿ ನೋಡಿ ಡೇಟ್ ಕೇಳುವ ವಿದ್ಯೆ ಎರಡು ಸಾವಿರ ವರ್ಷಕ್ಕಿಂತ ಹಳೆಯದು ಎಂದು ಓದಿದಾಗ ನನಗಂತೂ ನಗು ಬಂತು. ಸಿಸೆರೊ ಉದ್ದ ಭಾಷಣ ಬಿಟ್ಟುಬಿಟ್ಟ. ಸೀದಾ ಸಾಕ್ಷಿಗಳನ್ನು ಕರೆದ. ಸಾಕ್ಷಿಗಳ ಮಾತು ಕೇಳಿದ ಮೇಲೆ ವೆರ್ರೆಸ್ ಎರಡನೇ ಸುತ್ತಿಗೆ ಕಾಯಲಿಲ್ಲ. ದೇಶ ಬಿಟ್ಟು ಮಸ್ಸಿಲಿಯಕ್ಕೆ, ಈಗಿನ ಫ್ರಾನ್ಸಿನ ಮಾರ್ಸೆಗೆ, ಹೋದ. ಎರಡನೇ ಸುತ್ತಿಗೆಂದು ಸಿಸೆರೊ ಬರೆದ ಐದು ಭಾಷಣಗಳು ಕೋರ್ಟಿನಲ್ಲಿ ಆಡದೆ ಪುಸ್ತಕವಾಗಿಯೇ ಉಳಿದವು.

ದಿನ ಎಣಿಸುವಾಗ ಎಚ್ಚರ

ಇದೇ ಸಿಸೆರೊ ಕ್ರಿ.ಪೂ. 63ರಲ್ಲಿ ಮುರೇನ ಎಂಬವನ ಪರ ವಾದಿಸುವಾಗ ಕಾನೂನು ಪಂಡಿತರನ್ನು ಚುಡಾಯಿಸಿದ. ಇಷ್ಟು ಬುದ್ಧಿವಂತರು, ಇಷ್ಟು ವರ್ಷ ಆದರೂ, 'ಮೂರನೇ ದಿನ' ಎನ್ನಬೇಕಾ 'ನಾಡಿದ್ದಿನ ದಿನ' ಎನ್ನಬೇಕಾ ಎಂದು ತೀರ್ಮಾನಿಸಿಲ್ಲವಲ್ಲ ಎಂದ.

ಇಲ್ಲಿ ನಿಲ್ಲಿ. ಮೂರನೇ ದಿನವೂ ನಾಡಿದ್ದೂ ಒಂದೇ ಹೇಗೆ? ಇವತ್ತು ಸೋಮವಾರ ಆದರೆ ನಾಡಿದ್ದು ಬುಧವಾರ. ಎರಡೇ ದಿನ ದೂರ. ರೋಮನ್ನರು ಇವತ್ತನ್ನೂ ಸೇರಿಸಿ ಎಣಿಸುತ್ತಿದ್ದರು: ಸೋಮ ಒಂದು, ಮಂಗಳ ಎರಡು, ಬುಧ ಮೂರು. ಅವರ ಸಂತೆ ಎಂಟು ದಿನಕ್ಕೊಮ್ಮೆ ನಡೆಯುತ್ತಿತ್ತು, ಆದರೆ ಅದರ ಹೆಸರು ನುಂದಿನೈ, ಒಂಬತ್ತನೇ ದಿನದ್ದು. ಇಂಗ್ಲಿಷ್ ಅನುವಾದ ಮಾತ್ರ ಓದುವವರು ಇಲ್ಲಿ ಒಂದು ದಿನ ತಪ್ಪುತ್ತಾರೆ.

ನಮ್ಮೂರಿನವರಿಗೆ ಇದು ಹೊಸದಲ್ಲ. ಮನೆಯಲ್ಲಿ ಸಾವಾದರೆ ಹನ್ನೊಂದನೇ ದಿನ ಎಣಿಸುವಾಗ ಹೋದ ದಿನವನ್ನೇ ಮೊದಲನೆಯದು ಎಂದು ಹಿಡಿಯುತ್ತಾರೆ. ಚರ್ಚಿನಲ್ಲಿ ಯೇಸು ಮೂರನೇ ದಿನ ಎದ್ದು ಬಂದ ಎನ್ನುತ್ತಾರೆ. ಶುಕ್ರವಾರದಿಂದ ಭಾನುವಾರಕ್ಕೆ ಎಣಿಸಿ ನೋಡಿ, ಶುಕ್ರವಾರವನ್ನು ಸೇರಿಸದಿದ್ದರೆ ಲೆಕ್ಕ ಸಿಗುವುದಿಲ್ಲ. ಲಿಮಿಟೇಶನ್, ಅಂದರೆ ದಾವೆ ಹೂಡಲು ಇರುವ ಕಾಲಮಿತಿ, ಲೆಕ್ಕ ಹಾಕುವ ನಾವು ವಕೀಲರು ಮಾತ್ರ ಶುರುವಿನ ದಿನ ಬಿಟ್ಟು ಎಣಿಸುತ್ತೇವೆ. ಹಳೆ ಪದದಲ್ಲಿ ದಿನದ ಸಂಖ್ಯೆ ಕಂಡರೆ ಯಾವ ಲೆಕ್ಕ ಎಂದು ಮೊದಲು ಕೇಳಿಕೊಳ್ಳಿ.

ಎರಡನೇ ಅರ್ಥ ಸಿಕ್ಕರೆ ಗಾಬರಿ ಬೇಡ. ಮಧ್ಯಯುಗದ ಲ್ಯಾಟಿನ್‌ನಲ್ಲಿ ನಮ್ಮ ಕ್ರಿಯಾಪದ ಮುಂದೂಡುವುದನ್ನು ಬಿಟ್ಟು 'ಉಳಿದುಕೊಳ್ಳುವುದು' ಆಗಿಬಿಟ್ಟಿತು. ಇಂಗ್ಲೆಂಡಿನ ಹಳೆ ಕಾಲೇಜುಗಳ ಲೆಕ್ಕಪತ್ರದಲ್ಲಿ, ಕಾಲೇಜಿನ ಸದಸ್ಯರಲ್ಲದೆ ದುಡ್ಡು ಕೊಟ್ಟು ಅಲ್ಲೇ ತಂಗುವವರನ್ನು ಈ ಪದದಿಂದಲೇ ಕರೆದಿದ್ದಾರೆ. ಮುಂದೂಡುವುದು ಎಲ್ಲಿ, ತಂಗುವುದು ಎಲ್ಲಿ ಅನ್ನಿಸುತ್ತದೆ, ಅಲ್ವಾ? ಮಳೆಗಾಲದಲ್ಲಿ ಅಜ್ಜಿ ಮನೆಗೆ ಬಂದ ನೆಂಟರನ್ನು ನೆನಪಿಸಿಕೊಳ್ಳಿ. "ನಾಡಿದ್ದು ಹೊರಟರಾಯ್ತು" ಎನ್ನುತ್ತಾರೆ. ನಾಡಿದ್ದು ಬಂದರೆ ಮತ್ತೆ ನಾಡಿದ್ದು. ಹೊರಡುವುದನ್ನು ಹಾಗೆ ಹಾಕುತ್ತಾ ಹೋದರೆ ಅದೇ ಉಳಿಯುವುದು. ನಿಘಂಟಿನಲ್ಲಿ ಒಂದೇ ಪದಕ್ಕೆ ಎರಡು ದೂರದ ಅರ್ಥ ಕಂಡರೆ ನಡುವೆ ಇಂಥ ಒಂದು ಕಾಲುದಾರಿ ಇದೆಯಾ ನೋಡಿ. ಇಸವಿಗಳು ಆ ದಾರಿಯನ್ನು ಒಪ್ಪಬೇಕು, ಅದು ಮುಖ್ಯ.

ನೆಂಟರು, ನೆಂಟರಂತೆ ಕಾಣುವವರು

ಕೊನೆಯ ತನಿಖೆ ನೆಂಟಸ್ತಿಕೆಯದ್ದು. ಪೆರೆಂದಿಯೆ ಒಳಗಿನ 'ದಿಯೆ' ಬಂದದ್ದು ದಿಯೆಸ್ ಎಂಬ ಪದದಿಂದ, ದಿನ ಎಂದು ಅರ್ಥ. ಕೋರ್ಟಿನಲ್ಲಿ ದಿನ ಹೇಳದೆ ಮುಂದೂಡಿದರೆ ಸೈನಿ ಡೈ ಎನ್ನುತ್ತೇವಲ್ಲ, ಆ ಡೈ ಇದೇ. 'ದಿನ ಇಲ್ಲದೆ' ಎಂದು ಅರ್ಥ. ಅಡ್ಜರ್ನ್ ಕೂಡ ಇದೇ ಕುಟುಂಬ. ದಿನದ ಎಂಬ ಅರ್ಥದ ದಿಯುರ್ನುಸ್ ಫ್ರೆಂಚಿಗೆ ಹೋಗಿ ಝೂರ್ ಆಯಿತು, 'ಒಂದು ದಿನಕ್ಕೆ ಇಡು' ಎನ್ನುವುದು ಅಡ್ಜರ್ನ್ ಆಗಿ ಇಂಗ್ಲಿಷಿಗೆ ಬಂತು. ಜರ್ನಲ್ ಮತ್ತು ಜರ್ನಿ ಅದರ ತಂಗಿಯರು. ಮೂಲದಲ್ಲಿ ಜರ್ನಿ ಅಂದರೆ ಒಂದು ದಿನದ ನಡಿಗೆ.

ದಿಯೆಸ್‌ಗೂ ಸಂಸ್ಕೃತದಿಂದ ನಮಗೆ ಬಂದ ದಿವಸಕ್ಕೂ ಒಂದೇ ಬೇರು. ನುಂದಿನೈ ಒಳಗಿನ 'ದಿನ್' ನಮ್ಮ 'ದಿನ'ಕ್ಕೆ ನೆಂಟ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಹಾಗಾದರೆ ಇಂಗ್ಲಿಷಿನ ಡೇ? ಅದೂ ದಿನವೇ, ಅದೂ ಡಿ ಅಕ್ಷರದಿಂದಲೇ ಶುರು. ಆದರೆ ನೆಂಟ ಅಲ್ಲ. ಅದು ಜರ್ಮಾನಿಕ್ ಕಡೆಯ ಪದ, ಜರ್ಮನ್ನಿನ ಟಾಗ್ ಅದರ ಅಣ್ಣ. ಲ್ಯಾಟಿನ್‌ನ ದ ಇಂಗ್ಲಿಷಿನ ಸ್ವಂತ ಪದಗಳಲ್ಲಿ ಟ ಆಗಿ ಕಾಣಬೇಕು. ಹತ್ತಕ್ಕೆ ಲ್ಯಾಟಿನ್‌ನಲ್ಲಿ ದೆಕೆಂ, ಇಂಗ್ಲಿಷಿನಲ್ಲಿ ಟೆನ್. ಹಲ್ಲಿಗೆ ಅಲ್ಲಿ ದೆನ್ಸ್, ಇಲ್ಲಿ ಟೂತ್. ದಿಯೆಸ್‌ಗೆ ಡೇ ನೆಂಟನಾಗಿದ್ದರೆ ಅದು ಟಕಾರದಿಂದ ಶುರುವಾಗಬೇಕಿತ್ತು. ಎರಡು ಪದ ಒಂದೇ ರೀತಿ ಕಂಡರೆ, ಅರ್ಥವೂ ಒಂದೇ ಆದರೆ, ಅನುಮಾನ ಜಾಸ್ತಿ ಮಾಡಿ. ಕೋರ್ಟಿನಲ್ಲೂ ಎಲ್ಲ ಸಾಕ್ಷಿಗಳೂ ಒಂದೇ ವಾಕ್ಯ ಹೇಳಿದರೆ ನಾವು ಹಾಗೇ ಮಾಡುವುದು.

ನಾಡಿದ್ದಿಗೆ ಇಂಗ್ಲಿಷಿನದೇ ಒಂದು ಪದವೂ ಇತ್ತು, ಓವರ್‌ಮಾರೋ. 1535ರ ಕವರ್‌ಡೇಲ್ ಬೈಬಲಿನಲ್ಲಿ ಉಂಟು. ಜರ್ಮನ್ನರು ಅದರ ಜೋಡಿಪದವನ್ನು ಇವತ್ತೂ ಬಳಸುತ್ತಾರೆ. ಇಂಗ್ಲಿಷಿನವರು ಎರಡನ್ನೂ ಕಳೆದುಕೊಂಡು 'ನಾಳೆಯ ನಂತರದ ದಿನ' ಎಂದು ಉದ್ದಕ್ಕೆ ಹೇಳುತ್ತಾರೆ. ಪ್ರೊಕ್ರಾಸ್ಟಿನೇಟ್ ಉಳಿದು ಪೆರೆಂಡಿನೇಟ್ ಹೋದದ್ದಕ್ಕೆ ನನಗೆ ಅನ್ನಿಸುವ ಕಾರಣ ಇಷ್ಟು: ಮೊದಲನೆಯದು ನಾಳೆಯನ್ನು ಮರೆತು ಯಾವ ತಡಕ್ಕೂ ಒಗ್ಗಿಕೊಂಡಿತು. ಎರಡನೆಯದು ನಾಡಿದ್ದನ್ನೇ ಹಿಡಿದುಕೊಂಡು ಕೂತಿತು. ಅಷ್ಟು ಕರಾರುವಾಕ್ಕಾದ ಪದ ದಿನಬಳಕೆಗೆ ಎಷ್ಟು ಸಲ ಬೇಕಾಗುತ್ತದೆ ಹೇಳಿ.

ಇಷ್ಟು ಗೊತ್ತಾದ ಮೇಲೆ ಪದ ಬಳಸಬಹುದಾ? ಗೆಳತಿಯರ ಜತೆ ಬಳಸಿ. ಟೈಲರ್ ಬ್ಲೌಸ್ ನಾಡಿದ್ದು ಕೊಡುತ್ತೇನೆ ಎಂದರೆ ಪೆರೆಂಡಿನೇಟ್ ಮಾಡಿದ ಎಂದು ಧಾರಾಳವಾಗಿ ಹೇಳಿ. ಅವನು ಆ ನಾಡಿದ್ದೂ ಕೊಡದಿದ್ದರೆ ಆ ಪದ ನಡೆಯುವುದಿಲ್ಲ, ಪ್ರೊಕ್ರಾಸ್ಟಿನೇಟ್ ಎನ್ನಬೇಕು. ಅರ್ಜಿಯಲ್ಲಿ ಮಾತ್ರ ಬರೆಯಬೇಡಿ. ಜೂನಿಯರ್ ಹುಡುಗಿ ಒಂದು ಮೆಮೋದಲ್ಲಿ ಹಾಕಿ ತಂದಳು, ನಾನು ಹೊಡೆದು ಹಾಕಿ 'ಅಡ್ಜರ್ನ್ ಮಾಡಬೇಕಾಗಿ ಪ್ರಾರ್ಥನೆ' ಎಂದೇ ಬರೆಸಿದೆ.

ಮುಂದಿನ ಪದ ಬೇಕಾದವರು ವ್ಯಾಪ್ಯುಲೇಟ್ ತೆಗೆದುಕೊಳ್ಳಿ. ಬಾಲ ಅದೇ, ಎಟಿಇ. ನಿಘಂಟಿನಲ್ಲಿ ವಾಪುಲೊ ಎಂದು ಹುಡುಕಿ. ಇಂಗ್ಲಿಷ್ ನಿಘಂಟು 'ಹೊಡೆಯುವುದು' ಎಂದೂ ಹೇಳುತ್ತದೆ, 'ಹೊಡೆಸಿಕೊಳ್ಳುವುದು' ಎಂದೂ ಹೇಳುತ್ತದೆ, ಓದಿದವರಿಗೆ ತಲೆ ಕೆಡುತ್ತದೆ. ಲ್ಯಾಟಿನ್‌ನಲ್ಲಿ ಅದರ ರೂಪ ಕರ್ತರಿ, ಅರ್ಥ ಮಾತ್ರ ಕರ್ಮಣಿ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪುಟ ಬೇಕು. ಕನ್ನಡದಲ್ಲಿ 'ಪೆಟ್ಟು ತಿಂದ' ಎಂದರೆ ಮುಗಿಯಿತು.